ಮ್ಯಾಟ್‌ಲ್ಯಾಬ್ ಲೈಸೆನ್ಸ್ ಮುಗೀತಿದೆ: ಕಂಟ್ರೋಲ್ಸ್ ಲ್ಯಾಬ್‌ಗೆ ಆಕ್ಟೇವ್ ಹಾಕೋದಾ, ಸೈಲ್ಯಾಬಾ, ಪೈಥಾನಾ?

ಹಾಸನ_ಟ್ರಿಪಲ್‌ಇ

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬ್‌ನ ಮ್ಯಾಟ್‌ಲ್ಯಾಬ್ (ದುಡ್ಡು ಕೊಟ್ಟು ಕೊಳ್ಳುವ ಗಣಿತ ಲೆಕ್ಕದ ಸಾಫ್ಟ್‌ವೇರ್) ಲೈಸೆನ್ಸ್ ಈ ಸೆಮಿಸ್ಟರ್‌ಗೆ ಮುಗಿಯುತ್ತದೆ. ಮ್ಯಾನೇಜ್‌ಮೆಂಟ್ ಮತ್ತೆ ದುಡ್ಡು ಬಿಚ್ಚುವ ಲಕ್ಷಣ ಕಾಣುತ್ತಿಲ್ಲ. "ಫ್ರೀಯಾಗಿ ಸಿಗೋದು ಏನೋ ಇದ್ಯಂತಲ್ಲ, ಅದನ್ನೇ ಹಾಕ್ಕೊಳ್ಳಿ" ಅಂದಿದ್ದಾರೆ.

ಲ್ಯಾಬ್‌ನಲ್ಲಿ ಮಾಡಿಸೋದು ಮಾಮೂಲಿ ಪ್ರಯೋಗಗಳು. ಸ್ಟೆಪ್ ರೆಸ್ಪಾನ್ಸ್, ರೂಟ್ ಲೋಕಸ್, ಬೋಡೆ, ನೈಕ್ವಿಸ್ಟ್, ಲೀಡ್-ಲ್ಯಾಗ್ ಕಾಂಪೆನ್ಸೇಟರ್, ಪಿಐಡಿ. ಇವೆಲ್ಲ ಎಂ-ಫೈಲ್‌ಗಳಲ್ಲಿವೆ (ಮ್ಯಾಟ್‌ಲ್ಯಾಬ್ ಪ್ರೋಗ್ರಾಂ ಫೈಲ್‌ಗಳು). ಜೊತೆಗೆ ಸಿಮ್ಯುಲಿಂಕ್‌ನಲ್ಲಿ ಒಂದೆರಡು ಬ್ಲಾಕ್ ಡಯಾಗ್ರಾಂ. ಮಷೀನುಗಳೆಲ್ಲ 4 ಜಿಬಿ ರ‍್ಯಾಮ್‌ನ ಹಳೇ ವಿಂಡೋಸ್. ಇಂಟರ್ನೆಟ್ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ.

ಪುಕ್ಕಟೆ ಸಿಗುವ ಆಕ್ಟೇವ್, ಸೈಲ್ಯಾಬ್, ಪೈಥಾನ್ ಮೂರರಲ್ಲಿ ಯಾವುದಕ್ಕೆ ಹೋಗೋದು? ಇನ್ನೊಂದು ಚಿಂತೆ, ಹೊರಗಿನಿಂದ ಬರುವ ಎಕ್ಸಾಮಿನರ್ "ಇದರ ಉತ್ತರ ನಂಬಬಹುದೇನ್ರೀ?" ಅಂತ ಕೇಳಿದರೆ ಏನು ಹೇಳೋದು?

ಪೈಪ್ರಿಯ

ಸರ್, ಯೋಚನೆ ಮಾಡೋಕೆ ಏನಿದೆ? ಪೈಥಾನ್. ನಂಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಗಳನ್ನು ಹಾಕಿ. ಕಂಟ್ರೋಲ್ಸ್‌ಗೆ ಅಂತಲೇ "ಪೈಥಾನ್-ಕಂಟ್ರೋಲ್" ಲೈಬ್ರರಿ ಇದೆ, ಕ್ಯಾಲ್‌ಟೆಕ್‌ನ ರಿಚರ್ಡ್ ಮರ್ರಿ ಶುರು ಮಾಡಿದ್ದು. ಅದರೊಳಗೆ ಮ್ಯಾಟ್‌ಲ್ಯಾಬ್ ಹೆಸರುಗಳನ್ನೇ ಇಟ್ಟಿರುವ ಒಂದು ಮಾಡ್ಯೂಲ್ ಕೂಡ ಇದೆ. ಟಿಎಫ್, ಸ್ಟೆಪ್, ಬೋಡೆ, ಆರ್‌ಲೋಕಸ್ ಎಲ್ಲ ಅದೇ ಹೆಸರು. ಮಕ್ಕಳಿಗೆ ನಾಳೆ ಕೆಲಸ ಸಿಗೋದೂ ಇದರಿಂದಲೇ. ಸೈಲ್ಯಾಬ್ ಕಲಿತವನನ್ನು ಯಾವ ಕಂಪನಿ ಕೇಳುತ್ತೆ ಹೇಳಿ?

ಮ್ಯಾಥ್ಸ್_ಮೇಡಂ

ನಾನು ವಿಟಿಯು ಮೊದಲ ವರ್ಷದ ಮ್ಯಾಥ್ಸ್ ತಗೊಳ್ತೇನೆ. 2022ರ ಸ್ಕೀಮ್‌ನಿಂದ ಗಣಿತಕ್ಕೂ ಲ್ಯಾಬ್ ಇದೆ, ಗೊತ್ತಿರಬಹುದು. ಪೋಲಾರ್ ಕರ್ವ್ ಬರೆಯೋದು, ಜಾಕೋಬಿಯನ್, ಟೇಲರ್ ಸೀರೀಸ್, ಗೌಸ್-ಸೈಡೆಲ್, ಐಗನ್ ವ್ಯಾಲ್ಯೂಗೆ ರ‍್ಯಾಲೀ ಪವರ್ ಮೆಥಡ್. ಸಾಫ್ಟ್‌ವೇರ್ ಯಾವುದು ಅನ್ನೋದನ್ನು ಕಾಲೇಜಿಗೇ ಬಿಟ್ಟಿದ್ದಾರೆ. ನಾವು ಪೈಥಾನ್ ಹಿಡಿದೆವು. ಕಾರಣ ಒಂದೇ, ಅದರ ಸಿಂಪೈ ಲೈಬ್ರರಿ. ಪಾರ್ಶಿಯಲ್ ಡೆರಿವೇಟಿವ್ ಅನ್ನು ಅಕ್ಷರದಲ್ಲೇ ತೆಗೆದು ತೋರಿಸುವ ಕೆಲಸ ಸೈಲ್ಯಾಬ್‌ನಲ್ಲಿ ಆಗುವುದಿಲ್ಲ. ಆಕ್ಟೇವ್‌ನಲ್ಲಿ ಸಿಂಬಾಲಿಕ್ ಪ್ಯಾಕೇಜ್ ಇದೆ, ಆದರೆ ಅದು ಒಳಗಡೆ ಹೋಗಿ ಇದೇ ಸಿಂಪೈಯನ್ನೇ ಕರೆಯುತ್ತದೆ. ಅಂದಮೇಲೆ ನೇರವಾಗಿ ಪೈಥಾನೇ ಇರಲಿ ಅಂದುಕೊಂಡೆವು.

ಆದರೆ ಪೈಪ್ರಿಯ ಅವರು ಹೇಳುವಷ್ಟು ಸಲೀಸಲ್ಲ. ಪಿಯುಸಿಯಿಂದ ಬಂದ ಮಕ್ಕಳು 3ರ ಸ್ಕ್ವೇರ್ ಬರೆಯಲು 3^2 ಅಂತ ಹೊಡೆಯುತ್ತಾರೆ. ಪೈಥಾನ್ 1 ಅಂತ ಉತ್ತರ ಕೊಡುತ್ತದೆ, ಎರರ್ ಕೂಡ ಇಲ್ಲ. ಅಲ್ಲಿ ^ ಅಂದರೆ ಬಿಟ್‌ಗಳ ಎಕ್ಸ್‌ಕ್ಲೂಸಿವ್ ಆರ್, ಘಾತಕ್ಕೆ ** ಬೇಕು. 5^2 ಕೇಳಿದರೆ 7. ಮೊದಲ ವಾರ ಇಡೀ ಇದೇ ರಾಮಾಯಣ. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ * ಹಾಕಿದರೆ ಒಂದೊಂದು ಅಂಕಿಯನ್ನೂ ಬಿಡಿಬಿಡಿಯಾಗಿ ಗುಣಿಸಿಡುತ್ತದೆ. ಅದಕ್ಕೆ @ ಬೇಕು. ಆಕ್ಟೇವ್, ಸೈಲ್ಯಾಬ್ ಎರಡರಲ್ಲೂ ಈ ತಾಪತ್ರಯ ಇಲ್ಲ, ಬೋರ್ಡ್ ಮೇಲೆ ಬರೆದ ಹಾಗೇ ಹೊಡೆಯಬಹುದು.

ಹಾಸನ_ಟ್ರಿಪಲ್‌ಇ

ಧನ್ಯವಾದ ಮೇಡಂ. ನಮಗೆ ಸಿಂಬಾಲಿಕ್ ಏನೂ ಬೇಡ. ಇರುವ ಎಂ-ಫೈಲ್‌ಗಳನ್ನು ಆದಷ್ಟು ಮುಟ್ಟದೆ ಓಡಿಸಬೇಕು. ಮ್ಯಾನ್ಯುಯಲ್ ಪೂರ್ತಿ ತಿದ್ದುವಷ್ಟು ಪುರಸೊತ್ತು ಯಾರಿಗೂ ಇಲ್ಲ.

ಹಳೇ_ಫೋರ್ಟ್ರಾನ್

"ಉತ್ತರ ನಂಬಬಹುದೇ" ಅನ್ನುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸರ್ವಿಸ್‌ನಲ್ಲಿದ್ದಷ್ಟು ಕಾಲ ಇದೇ ಕೆಲಸ ನನ್ನದು.

1970ರ ದಶಕದ ಕೊನೆಯಲ್ಲಿ ಕ್ಲೀವ್ ಮೋಲರ್ ಅನ್ನುವವರು ನ್ಯೂ ಮೆಕ್ಸಿಕೋ ಯೂನಿವರ್ಸಿಟಿಯಲ್ಲಿ ಮೇಷ್ಟರಾಗಿದ್ದರು. ಲಿನ್‌ಪ್ಯಾಕ್, ಐಸ್‌ಪ್ಯಾಕ್ ಅಂತ ಮ್ಯಾಟ್ರಿಕ್ಸ್ ಲೆಕ್ಕದ ಫೋರ್ಟ್ರಾನ್ ಲೈಬ್ರರಿಗಳಿದ್ದವು. ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆಯೂ ಅವನ್ನು ಬಳಸಲಿ ಅಂತ ಒಂದು ಪುಟ್ಟ ಪ್ರೋಗ್ರಾಂ ಮಾಡಿದರು. ಅದೇ ಮೊದಲ ಮ್ಯಾಟ್‌ಲ್ಯಾಬ್. ಕೇಳಿದವರಿಗೆಲ್ಲ ಪುಕ್ಕಟೆ ಹಂಚಿದರು. ಕಂಪನಿ ಆಗಿದ್ದು 1984ರಲ್ಲಿ. ಅದೇ ಪುಕ್ಕಟೆ ಮ್ಯಾಟ್‌ಲ್ಯಾಬ್‌ನಿಂದ ಸ್ಫೂರ್ತಿ ಪಡೆದು ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಬೆಳೆದದ್ದೇ ಸೈಲ್ಯಾಬ್. 1994ರಲ್ಲಿ ಅದನ್ನು ಸಾರ್ವಜನಿಕವಾಗಿ ಬಿಟ್ಟರು. ಅಂದರೆ ಇವೆರಡೂ ದಾಯಾದಿಗಳು.

ಲಿನ್‌ಪ್ಯಾಕ್, ಐಸ್‌ಪ್ಯಾಕ್‌ಗಳ ಜಾಗಕ್ಕೆ 1992ರಲ್ಲಿ ಲ್ಯಾಪ್ಯಾಕ್ ಬಂತು. ಇವತ್ತು ಮ್ಯಾಟ್‌ಲ್ಯಾಬ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಸಮೀಕರಣ ಬಿಡಿಸಿ, ಸೈಲ್ಯಾಬ್‌ನಲ್ಲಿ ಬಿಡಿಸಿ, ಆಕ್ಟೇವ್, ನಂಪೈ, ಜೂಲಿಯಾ, ಎಲ್ಲಿ ಬೇಕಾದರೂ ಬಿಡಿಸಿ. ಕೆಳಗೆ ಕೆಲಸ ಮಾಡುವುದು ಅದೇ ಲ್ಯಾಪ್ಯಾಕ್. ಡಿಫರೆನ್ಶಿಯಲ್ ಸಮೀಕರಣಕ್ಕೆ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಲ್ಯಾಬ್‌ನ ಓಡಿಇಪ್ಯಾಕ್ ಇದೆ. ಸೈಲ್ಯಾಬ್‌ನ ಓಡಿಇ, ಆಕ್ಟೇವ್‌ನ ಎಲ್‌ಸೋಡ್, ಸೈಪೈನ ಓಡಿಇಇಂಟ್ ಮೂರೂ ಅಲ್ಲಿಂದಲೇ. ಇಂಟಿಗ್ರಲ್‌ಗೆ ಕ್ವಾಡ್‌ಪ್ಯಾಕ್. ಅಂಗಡಿ ಬೋರ್ಡ್ ಬೇರೆ ಬೇರೆ, ಹಿಂದಿನ ಅಡುಗೆಮನೆ ಒಂದೇ.

ನಿಮ್ಮ ಕಂಟ್ರೋಲ್ಸ್‌ಗೂ ಇದೇ ಕಥೆ. ಆಕ್ಟೇವ್‌ನ ಕಂಟ್ರೋಲ್ ಪ್ಯಾಕೇಜ್ ಕಷ್ಟದ ಲೆಕ್ಕಗಳಿಗೆ ಸ್ಲಿಕಾಟ್ ಅನ್ನುವ ಫೋರ್ಟ್ರಾನ್ ಲೈಬ್ರರಿ ಬಳಸುತ್ತದೆ. ಪೈಥಾನ್-ಕಂಟ್ರೋಲ್ ಕೂಡ ಬೇಕಾದಾಗ ಅದನ್ನೇ ಕರೆಯುತ್ತದೆ. ಲ್ಯಾಪ್ಯಾಕ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡೊಂಗಾರಾಗೆ 2021ರ ಟ್ಯೂರಿಂಗ್ ಪ್ರಶಸ್ತಿ ಬಂತು. ಎಕ್ಸಾಮಿನರ್ ಕೇಳಿದರೆ ಇಷ್ಟು ಹೇಳಿ, ಸಾಕು.

ಆರನೇ_ಸೆಮ್

ಸರ್, ಒಳಗೆ ಎಲ್ಲಾ ಒಂದೇ ಅಂದ್ರೆ ಉತ್ತರ ಯಾಕೆ ಬೇರೆ ಬರುತ್ತೆ? ನಾನು ಇದೇ ಡೇಟಾವನ್ನ ಆಕ್ಟೇವ್‌ಗೂ ನಂಪೈಗೂ ಕೊಟ್ಟೆ: 2, 4, 4, 4, 5, 5, 7, 9. ಸ್ಟ್ಯಾಂಡರ್ಡ್ ಡೀವಿಯೇಶನ್ ಆಕ್ಟೇವ್‌ನಲ್ಲಿ 2.1381, ನಂಪೈನಲ್ಲಿ ಕರೆಕ್ಟಾಗಿ 2. ಯಾವುದು ಸರಿ?

ಇನ್ನೊಂದು. 4/(s(s+2)) ಅನ್ನೋ ಸಿಸ್ಟಮ್‌ಗೆ ಗೇನ್ ಕ್ರಾಸ್‌ಓವರ್ ಫ್ರೀಕ್ವೆನ್ಸಿ ಆಕ್ಟೇವ್‌ನಲ್ಲಿ 1.572 ಬಂತು. ಸೈಲ್ಯಾಬ್‌ನಲ್ಲಿ 0.25. ಫೇಸ್ ಮಾರ್ಜಿನ್ ಮಾತ್ರ ಎರಡರಲ್ಲೂ 51.8 ಡಿಗ್ರಿ. ಸೈಲ್ಯಾಬ್‌ನಲ್ಲಿ ಬಗ್ ಇದೆ ಅನ್ಸುತ್ತೆ.

ಹಳೇ_ಫೋರ್ಟ್ರಾನ್

ಒಳ್ಳೇ ಪ್ರಶ್ನೆ ಕಣಪ್ಪಾ. ಎರಡರಲ್ಲೂ ಬಗ್ ಇಲ್ಲ.

ಮೊದಲನೆಯದರಲ್ಲಿ ಸರಾಸರಿ 5, ವ್ಯತ್ಯಾಸಗಳ ವರ್ಗದ ಮೊತ್ತ 32. ನಂಪೈ ಅದನ್ನು 8ರಿಂದ ಭಾಗಿಸುತ್ತದೆ, ಆಕ್ಟೇವ್ 7ರಿಂದ. ಕೈಯಲ್ಲಿರುವುದು ಇಡೀ ಗುಂಪಿನ ಡೇಟಾ ಅಂದುಕೊಂಡರೆ 8, ಬರೀ ಸ್ಯಾಂಪಲ್ ಅಂದುಕೊಂಡರೆ 7. ಇದು ಬರೆದವರ ಆಯ್ಕೆ, ಲೆಕ್ಕದ ತಪ್ಪಲ್ಲ. ನಂಪೈಗೆ ಡಿಡಿಓಎಫ್ ಅನ್ನುವ ಜಾಗದಲ್ಲಿ 1 ಕೊಡು, ಅದೂ 2.1381 ಅನ್ನುತ್ತದೆ.

ಎರಡನೆಯದನ್ನು ಕೈಯಲ್ಲೇ ಮಾಡು. ಮ್ಯಾಗ್ನಿಟ್ಯೂಡ್ 1 ಆಗುವ ಜಾಗ ಬೇಕು. ಒಮೆಗಾದ ವರ್ಗವನ್ನು x ಅಂತಿಟ್ಟುಕೋ. x² + 4x − 16 = 0. x = −2 + √20, ಅಂದರೆ 2.472. ಅದರ ವರ್ಗಮೂಲ 1.572 ರೇಡಿಯನ್ ಪ್ರತಿ ಸೆಕೆಂಡಿಗೆ. ಈಗ ಅದನ್ನು 2π ಇಂದ ಭಾಗಿಸಿ ನೋಡು. 0.25 ಬರುತ್ತದೆ. ಸೈಲ್ಯಾಬ್ ಫ್ರೀಕ್ವೆನ್ಸಿಯನ್ನು ಹರ್ಟ್ಸ್‌ನಲ್ಲಿ ಹೇಳುತ್ತದೆ, ಅಷ್ಟೇ. ಬೋಡೆ ಕೂಡ ಸುಮ್ಮನೆ ಕರೆದರೆ ಅಡ್ಡ ಅಕ್ಷ ಹರ್ಟ್ಸ್‌ನಲ್ಲೇ ಬರುತ್ತದೆ. ಕೊನೆಯಲ್ಲಿ "ರ‍್ಯಾಡ್" ಅಂತ ಸೇರಿಸಿದರೆ ರೇಡಿಯನ್.

ಹಾಸನ_ಟ್ರಿಪಲ್‌ಇ

ಇದು ಬಹಳ ಮುಖ್ಯವಾದ ವಿಷಯ. ನಮ್ಮ ಮ್ಯಾನ್ಯುಯಲ್‌ನ ಎಲ್ಲ ಮಾದರಿ ಉತ್ತರಗಳೂ ರೇಡಿಯನ್‌ನಲ್ಲಿವೆ. ಯಾರೂ ಗಮನಿಸದೆ ಸೈಲ್ಯಾಬ್ ಹಾಕಿದ್ದರೆ ಇಡೀ ಬ್ಯಾಚ್‌ನ ಅಂಕ ಹೋಗುತ್ತಿತ್ತು.

ಮ್ಯಾಥ್ಸ್_ಮೇಡಂ

ಎರರ್ ಕೊಟ್ಟು ನಿಂತುಬಿಟ್ಟರೆ ತೊಂದರೆ ಇಲ್ಲ, ಮಕ್ಕಳು ಕೈ ಎತ್ತಿ ಕರೀತಾರೆ. ಸುಮ್ನೆ ಬೇರೆ ಅಂಕಿ ಕೊಟ್ಟು ಮುಂದೆ ಹೋಗೋದೇ ಅಪಾಯ. ಸೈಲ್ಯಾಬ್‌ನಲ್ಲಿ ಇಂಥದ್ದು ಇನ್ನೂ ಇವೆ. ಆಕ್ಟೇವ್‌ನಲ್ಲಿ ಒನ್ಸ್(3) ಅಂದರೆ 3×3ರ ತುಂಬ ಒಂದುಗಳು. ಸೈಲ್ಯಾಬ್‌ನಲ್ಲಿ ಅದೇ ಕೊಟ್ಟರೆ ಬರೀ ಒಂದೇ ಒಂದು 1. ಅದು 3 ಅನ್ನುವುದನ್ನೇ 1×1 ಮ್ಯಾಟ್ರಿಕ್ಸ್ ಅಂತ ತಿಳಿದು, ಅದರ ಅಳತೆಯಷ್ಟೇ ಕೊಡುತ್ತದೆ. ಒನ್ಸ್(3,3) ಅಂತ ಬರೀಬೇಕು. ಮ್ಯಾಟ್ರಿಕ್ಸ್ ಮೇಲೆ ಸಮ್ ಹಾಕಿದರೆ ಆಕ್ಟೇವ್ ಕಾಲಂ ಕಾಲಂ ಆಗಿ ಕೂಡುತ್ತದೆ, ಸೈಲ್ಯಾಬ್ ಎಲ್ಲವನ್ನೂ ಒಟ್ಟಿಗೆ ಕೂಡಿಬಿಡುತ್ತದೆ. ನಂಪೈ ಕೂಡ ಎಲ್ಲವನ್ನೂ.

ಪೈಪ್ರಿಯ

ಇದಕ್ಕೇ ನಾನು ಹೇಳೋದು, ಒಂದೇ ಭಾಷೆ ಕಲೀರಿ ಸಾಕು ಅಂತ.

ಕೆಮ್_ಸುರತ್ಕಲ್

ಪೈಪ್ರಿಯ, ಪೈಥಾನ್‌ನಲ್ಲೂ ಬಲೆ ಇದೆ ಮಾರಾಯ್ರೆ. ಒಂದು ನಂಪೈ ಅರೇಯ ಮೊದಲ ಮೂರು ಅಂಕಿಗಳನ್ನು ಇನ್ನೊಂದು ಹೆಸರಿಗೆ ತೆಗೆದುಕೊಳ್ಳಿ. ಆ ಹೊಸದರಲ್ಲಿ ಒಂದು ಅಂಕಿ ಬದಲಾಯಿಸಿ. ಹಳೆಯದೂ ಬದಲಾಗಿರುತ್ತದೆ. ಯಾಕಂದ್ರೆ ಅದು ಕಾಪಿ ಅಲ್ಲ, ಅದೇ ಮೆಮೊರಿಗೆ ಹಾಕಿದ ಇನ್ನೊಂದು ಕಿಟಕಿ. ಆಕ್ಟೇವ್‌ನಿಂದ ಬಂದವರು ಇದರಲ್ಲಿ ಬೀಳದೇ ಇರೋದು ಅಪರೂಪ.

ಅಂದ ಹಾಗೆ, ಆಕ್ಟೇವ್ ಹುಟ್ಟಿದ್ದು ನಮ್ಮ ಕೆಮಿಕಲ್‌ನವರ ಮನೆಯಲ್ಲಿ. ವಿಸ್ಕಾನ್ಸಿನ್‌ನ ರಾಲಿಂಗ್ಸ್ ಮತ್ತು ಟೆಕ್ಸಾಸ್‌ನ ಎಕರ್ಟ್ ಕೆಮಿಕಲ್ ರಿಯಾಕ್ಟರ್ ಡಿಸೈನ್ ಬಗ್ಗೆ ಒಂದು ಪಠ್ಯಪುಸ್ತಕ ಬರೆಯುತ್ತಿದ್ದರು. ಅದಕ್ಕೆ ಜೊತೆಗಿರಲಿ ಅಂತ 1988ರ ಸುಮಾರಿಗೆ ಯೋಚಿಸಿದ ಸಾಫ್ಟ್‌ವೇರ್ ಇದು. ಜಾನ್ ಈಟನ್ 1992ರಲ್ಲಿ ಪೂರ್ಣ ಪ್ರಮಾಣದಲ್ಲಿ ಬರೆಯಲು ಕೂತರು, 1994ರ ಫೆಬ್ರವರಿಯಲ್ಲಿ 1.0 ಬಂತು. ಹೆಸರು ಸಂಗೀತದ್ದಲ್ಲ. ಈಟನ್ ಅವರ ಮೇಷ್ಟ್ರು ಆಕ್ಟೇವ್ ಲೆವೆನ್‌ಸ್ಪೀಲ್ ಅಂತ, ರಿಯಾಕ್ಷನ್ ಇಂಜಿನಿಯರಿಂಗ್‌ನಲ್ಲಿ ದೊಡ್ಡ ಹೆಸರು. ಸಿಕ್ಕಿದ ಕಾಗದದ ಹಿಂದೆ ಥಟ್ಟನೆ ಅಂದಾಜು ಲೆಕ್ಕ ಹಾಕಿ ತೋರಿಸುವುದರಲ್ಲಿ ಪಳಗಿದ ಕೈ. ಅವರ ಹೆಸರನ್ನೇ ಇಟ್ಟರು.

ಲ್ಯಾಬ್_ಇನ್‌ಸ್ಟ್ರಕ್ಟರ್

ಇನ್‌ಸ್ಟಾಲ್ ಮಾಡೋನು ನಾನು, ಆದ್ದರಿಂದ ನನ್ನ ಮಾತೂ ಸ್ವಲ್ಪ ಕೇಳಿ.

ಆಕ್ಟೇವ್‌ನ ವಿಂಡೋಸ್ ಇನ್‌ಸ್ಟಾಲರ್ ಜೊತೆಗೇ ಕಂಟ್ರೋಲ್, ಸಿಗ್ನಲ್ ಪ್ಯಾಕೇಜ್‌ಗಳು ಬಂದಿರುತ್ತವೆ. ನೆಟ್ ಬೇಡ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಒಂದೊಂದೇ ಮಷೀನ್‌ಗೆ ಹೋಗೋದು ಅಷ್ಟೇ. ಆದರೆ ಪ್ಯಾಕೇಜ್ ತಾನಾಗೇ ಲೋಡ್ ಆಗಲ್ಲ. ಹುಡುಗರು ಟಿಎಫ್ ಅಂತ ಹೊಡೆದ ತಕ್ಷಣ, ಈ ಫಂಕ್ಷನ್ ಕಂಟ್ರೋಲ್ ಪ್ಯಾಕೇಜ್‌ನಲ್ಲಿದೆ, ನೀವು ಲೋಡ್ ಮಾಡಿಲ್ಲ ಅಂತ ಕೆಂಪಕ್ಷರದಲ್ಲಿ ಬರುತ್ತೆ. ಅದನ್ನ ಓದೋದು ಬಿಟ್ಟು "ಸಾರ್, ಸಾಫ್ಟ್‌ವೇರ್ ಹಾಳಾಗಿದೆ" ಅಂತ ಕೂಗ್ತಾರೆ. ಅದಕ್ಕೆ "ಪಿಕೆಜಿ ಲೋಡ್ ಕಂಟ್ರೋಲ್" ಅನ್ನೋ ಸಾಲನ್ನ ಆಕ್ಟೇವ್ ಶುರುವಾಗುವಾಗ ಓದುವ ಆಕ್ಟೇವ್-ಆರ್‌ಸಿ ಫೈಲ್‌ನಲ್ಲೇ ಬರೆದಿಟ್ಟುಬಿಡಿ. ತಲೆನೋವು ಹೋಯ್ತು.

ಪೈಥಾನ್ ಹಾಕೋದಾದ್ರೆ ವಿನ್‌ಪೈಥಾನ್ ನೋಡಿ. ಫೋಲ್ಡರ್ ಕಾಪಿ ಮಾಡಿದ್ರೆ ಓಡುತ್ತೆ, ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಡ. ಅದರಲ್ಲಿ ಸ್ಪೈಡರ್ ಬರುತ್ತೆ, ವೇರಿಯಬಲ್‌ಗಳೆಲ್ಲ ಪಕ್ಕದ ಕಿಟಕಿಯಲ್ಲಿ ಕಾಣುತ್ತೆ, ಮ್ಯಾಟ್‌ಲ್ಯಾಬ್ ಅಭ್ಯಾಸ ಇರೋರಿಗೆ ಹೊಂದುತ್ತೆ. ಅದರಲ್ಲಿಲ್ಲದ ಲೈಬ್ರರಿ ಬೇಕಾದ್ರೆ ನೆಟ್ ಇರೋ ಒಂದು ಮಷೀನ್‌ನಲ್ಲಿ "ಪಿಪ್ ಡೌನ್‌ಲೋಡ್" ಮಾಡ್ಕೊಂಡು ಉಳಿದವಕ್ಕೆ ಆ ಫೋಲ್ಡರ್‌ನಿಂದಲೇ ಹಾಕಬಹುದು.

4 ಜಿಬಿ ಮಷೀನ್‌ನಲ್ಲಿ ಆಕ್ಟೇವ್‌ನ ಕಿಟಕಿ (ಜಿಯುಐ) ತೆರೆದುಕೊಳ್ಳೋಕೆ ಸ್ವಲ್ಪ ತಡ ಮಾಡುತ್ತೆ. ತೆರೆದ ಮೇಲೆ ಈ ಪ್ರಯೋಗಗಳಿಗೆ ಏನೂ ತೊಂದರೆ ಇಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ಕಾರಿನ ಕಂಟ್ರೋಲ್ ಯೂನಿಟ್‌ಗಳ ಕೆಲಸ ಮಾಡುವವನು ನಾನು. ಎಲ್ಲರೂ ಸ್ಕ್ರಿಪ್ಟ್ ಬಗ್ಗೆ ಮಾತಾಡ್ತಿದ್ದೀರಿ. ಅದು ಸುಲಭದ ಭಾಗ. ನಿಜವಾದ ಗಂಟು ಇರೋದು ಸಿಮ್ಯುಲಿಂಕ್‌ನಲ್ಲಿ. ನಮ್ಮ ಇಂಡಸ್ಟ್ರಿಯಲ್ಲಿ ಬ್ಲಾಕ್ ಡಯಾಗ್ರಾಂ ಬರೆದು, ಅದರಿಂದಲೇ ಸಿ ಕೋಡ್ ಹುಟ್ಟಿಸಿ, ನೇರ ಕಂಟ್ರೋಲರ್‌ಗೆ ಇಳಿಸುತ್ತಾರೆ. ಆ ಸರಪಳಿಗೆ ಸರಿಸಮನಾದ ಓಪನ್ ಸೋರ್ಸ್ ಬದಲಿ ಇವತ್ತಿಗೂ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ ಅವರು ಪ್ರೊಡಕ್ಷನ್ ಕೋಡ್ ಬರೆದಿಲ್ಲ ಅಂತ ಅರ್ಥ.

ಆದರೆ ಬಿಇ ಲ್ಯಾಬ್‌ಗೆ ಅದು ಬೇಕಾ? ನನ್ನ ಪ್ರಕಾರ ಬೇಡ. ಹೊಸಬರು ಬಂದಾಗ ಸಿಮ್ಯುಲಿಂಕ್ ಮೆನು ಕಲಿಸೋದು ಕಷ್ಟವಲ್ಲ. ಫೇಸ್ ಮಾರ್ಜಿನ್ ಕಮ್ಮಿಯಾದರೆ ಸ್ಟೆಪ್ ರೆಸ್ಪಾನ್ಸ್‌ಗೆ ಏನಾಗುತ್ತೆ ಅನ್ನೋದು ತಲೆಗೆ ಹೋಗಿರದಿದ್ದರೆ, ಅದನ್ನು ಇಲ್ಲಿ ಕೂತು ಕಲಿಸೋಕಾಗಲ್ಲ. ರೆಸ್ಯೂಮೆಯಲ್ಲಿ ಮ್ಯಾಟ್‌ಲ್ಯಾಬ್ ಹೆಸರು ಬೇಕು ಅನ್ನೋ ಮಕ್ಕಳಿಗೆ ಮ್ಯಾಟ್‌ಲ್ಯಾಬ್ ಆನ್‌ಲೈನ್‌ನಲ್ಲಿ ತಿಂಗಳಿಗೆ 20 ಗಂಟೆ ಪುಕ್ಕಟೆ ಸಿಗುತ್ತೆ. ಮನೆಯಲ್ಲಿ ಕೂತು ಆನ್‌ರ‍್ಯಾಂಪ್ ಕೋರ್ಸ್ ಮುಗಿಸಲಿ. ಕಾಲೇಜಿನ ದುಡ್ಡು ಅದಕ್ಕೆ ಬೇಕಿಲ್ಲ.

ಹಾಸನ_ಟ್ರಿಪಲ್‌ಇ

ನೇರವಾಗಿ ಹೇಳಿದಿರಿ, ಸಂತೋಷ. ಬ್ಲಾಕ್ ಡಯಾಗ್ರಾಂಗೆ ಸೈಲ್ಯಾಬ್‌ನ ಎಕ್ಸ್‌ಕಾಸ್ ನೋಡಿದೆ. ಸ್ಟೆಪ್, ಸಮ್ಮಿಂಗ್ ಪಾಯಿಂಟ್, ಟ್ರಾನ್ಸ್‌ಫರ್ ಫಂಕ್ಷನ್ ಬ್ಲಾಕ್, ಸ್ಕೋಪ್ ಎಲ್ಲ ಜೋಡಿಸಿ ರನ್ ಕೊಟ್ಟರೆ ಸ್ಕೋಪ್‌ನಲ್ಲಿ ಏನೂ ಬರುತ್ತಿಲ್ಲ. ಸ್ಕೋಪ್ ತಲೆಯ ಮೇಲೆ ಒಂದು ಕೆಂಪು ತ್ರಿಕೋನ ಇದೆ, ಅದು ಯಾತಕ್ಕೆ?

ಲ್ಯಾಬ್_ಇನ್‌ಸ್ಟ್ರಕ್ಟರ್

ಸರ್, ಸಿಮ್ಯುಲಿಂಕ್‌ನಿಂದ ಬಂದವರೆಲ್ಲ ಮುಗ್ಗರಿಸೋದು ಇಲ್ಲೇ. ಎಕ್ಸ್‌ಕಾಸ್‌ನಲ್ಲಿ ಎರಡು ಥರ ವೈರ್. ಕಪ್ಪು ವೈರ್‌ನಲ್ಲಿ ಸಿಗ್ನಲ್ ಹೋಗುತ್ತೆ. ಕೆಂಪು ವೈರ್ ಅಂದರೆ "ಈಗ ಕೆಲಸ ಮಾಡು" ಅನ್ನೋ ಸೂಚನೆ. ಸ್ಕೋಪ್‌ಗೆ ಯಾವಾಗ ಯಾವಾಗ ಬೆಲೆ ಓದಬೇಕು ಅಂತ ಹೇಳೋರು ಬೇಕು. ಅದಕ್ಕೆ ಕ್ಲಾಕ್ ಬ್ಲಾಕ್ ತಂದು ಅದರ ಕೆಂಪು ತುದಿಯನ್ನ ಸ್ಕೋಪ್‌ನ ಆ ತ್ರಿಕೋನಕ್ಕೆ ಎಳೆಯಿರಿ. ಪೀರಿಯಡ್ 0.1 ಇದ್ದರೆ 0.01 ಮಾಡಿ, ಗೆರೆ ನುಣುಪಾಗುತ್ತೆ.

ಆಮೇಲೆ ಸಿಮ್ಯುಲೇಶನ್ ಮೆನುವಿನ ಸೆಟಪ್‌ನಲ್ಲಿ ಫೈನಲ್ ಟೈಮ್ 10 ಸೆಕೆಂಡ್ ಕೊಡಿ. ಸ್ಕೋಪ್ ಮೇಲೆ ಡಬಲ್ ಕ್ಲಿಕ್ ಮಾಡಿ ರಿಫ್ರೆಶ್ ಪೀರಿಯಡ್ಡೂ 10 ಮಾಡಿ. ಇವೆರಡೂ ಹೊಂದದಿದ್ದರೆ ಗ್ರಾಫ್ ಒಂದು ಮೂಲೆಯಲ್ಲಿ ಮುದುಡಿಕೊಂಡಿರುತ್ತೆ, ಇಲ್ಲಾ ಅಳಿಸಿ ಅಳಿಸಿ ಬರೆಯುತ್ತೆ.

ಹಾಸನ_ಟ್ರಿಪಲ್‌ಇ

ಬಂತು! ಮೇಲಿನ 4/(s(s+2)) ಅನ್ನೇ ಯೂನಿಟಿ ಫೀಡ್‌ಬ್ಯಾಕ್‌ನಲ್ಲಿ ಹಾಕಿದೆ. ಡ್ಯಾಂಪಿಂಗ್ 0.5, ನ್ಯಾಚುರಲ್ ಫ್ರೀಕ್ವೆನ್ಸಿ 2. ಕೈಲೆಕ್ಕದಲ್ಲಿ ಓವರ್‌ಶೂಟ್ 16.3 ಪರ್ಸೆಂಟ್, ಪೀಕ್ ಟೈಮ್ 1.81 ಸೆಕೆಂಡ್. ಸ್ಕೋಪ್‌ನಲ್ಲೂ ಅಷ್ಟೇ. ಆಕ್ಟೇವ್‌ನಲ್ಲಿ ಫೀಡ್‌ಬ್ಯಾಕ್ ಫಂಕ್ಷನ್ ಬಳಸಿ ಸ್ಟೆಪ್ ಹಾಕಿದರೂ ಅದೇ. ಸೈಲ್ಯಾಬ್‌ನಲ್ಲಿ ಫೀಡ್‌ಬ್ಯಾಕ್‌ಗೆ /. ಅಂತ ಒಂದು ಚಿಹ್ನೆಯೇ ಇದೆ ಅಂತ ಗೊತ್ತಾಯಿತು, ಮುದ್ದಾಗಿದೆ.

ಕೆಮ್_ಸುರತ್ಕಲ್

ಹಾಗೆ ಕೈಲೆಕ್ಕದ ಜೊತೆ ತಾಳೆ ನೋಡುವುದನ್ನು ಮ್ಯಾನ್ಯುಯಲ್‌ನಲ್ಲೇ ಹಾಕಿಬಿಡಿ ಸರ್. ಯಾಕೆ ಅಂತ ಒಂದು ಉದಾಹರಣೆ. ಡಿಫರೆನ್ಶಿಯಲ್ ಸಮೀಕರಣ ಬಿಡಿಸುವ ಸೈಪೈನ ಸಾಲ್ವ್-ಐವಿಪಿ ಸುಮ್ಮನೆ ಕರೆದರೆ ರಿಲೇಟಿವ್ ಟಾಲರೆನ್ಸ್ (ಎಷ್ಟು ತಪ್ಪು ನಡೆಯುತ್ತದೆ ಅನ್ನುವ ಮಿತಿ) ಸಾವಿರದಲ್ಲಿ ಒಂದು. ಆಕ್ಟೇವ್‌ನ ಓಡಿಇ45ಗೂ ಅಷ್ಟೇ. ಆದರೆ ಸೈಪೈನದೇ ಹಳೆಯ ಓಡಿಇಇಂಟ್, ಆಕ್ಟೇವ್‌ನ ಎಲ್‌ಸೋಡ್ ಇವೆರಡಕ್ಕೆ ಸುಮಾರು 1.5 × 10⁻⁸. ಡ್ಯಾಂಪಿಂಗ್ ಇಲ್ಲದ ಸ್ಪ್ರಿಂಗ್-ಮಾಸ್ ಸಮೀಕರಣವನ್ನು ಇವಕ್ಕೆ ಕೊಟ್ಟು ನೂರಾರು ಸುತ್ತು ಓಡಿಸಿ ನೋಡಿ. ಒಂದರಲ್ಲಿ ಆಂದೋಲನ ಅಲುಗಾಡದೆ ಇರುತ್ತದೆ, ಇನ್ನೊಂದರಲ್ಲಿ ಆಂಪ್ಲಿಟ್ಯೂಡ್ ನಿಧಾನಕ್ಕೆ ಜಾರಿರುತ್ತದೆ. ಇಲ್ಲದ ಡ್ಯಾಂಪಿಂಗ್ ಎಲ್ಲಿಂದ ಬಂತು ಅಂತ ವಿದ್ಯಾರ್ಥಿ ತಲೆ ಕೆರೆದುಕೊಳ್ಳುತ್ತಾನೆ. ಟಾಲರೆನ್ಸ್ ಬಿಗಿ ಮಾಡಿದರೆ ಎರಡೂ ಒಂದೇ.

ರಿಯಾಕ್ಷನ್ ಕೈನೆಟಿಕ್ಸ್‌ನ ಸಮೀಕರಣಗಳಾದರೆ ಇನ್ನೊಂದು ಗೋಳು. ಒಂದು ರಿಯಾಕ್ಷನ್ ಮೈಕ್ರೋಸೆಕೆಂಡಲ್ಲಿ ಮುಗಿಯುತ್ತದೆ, ಪಕ್ಕದ್ದಕ್ಕೆ ಗಂಟೆ ಬೇಕು. ಅಲ್ಲಿ ಓಡಿಇ45 ಥರದ್ದು ತೆವಳುತ್ತದೆ. ಓಡಿಇ15ಎಸ್, ಅಥವಾ ಸೈಪೈನಲ್ಲಿ ಬಿಡಿಎಫ್ ಕೊಡಬೇಕು. ನಿಮ್ಮ ಕಂಟ್ರೋಲ್ಸ್‌ಗೆ ಇದು ಅಷ್ಟಾಗಿ ಬರಲಿಕ್ಕಿಲ್ಲ, ಬಿಡಿ.

ಹಳೇ_ಫೋರ್ಟ್ರಾನ್

ಎಕ್ಸಾಮಿನರ್‌ಗೂ ವಿದ್ಯಾರ್ಥಿಗಳಿಗೂ ಸೇರಿಸಿ ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಹಿಲ್ಬರ್ಟ್ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಮೊದಲ ಸಾಲು 1, 1/2, 1/3, ಎರಡನೇ ಸಾಲು 1/2, 1/3, 1/4, ಹೀಗೆ. ಆಕ್ಟೇವ್‌ನಲ್ಲಿ ಹಿಲ್ಬ್ ಅಂತ ಫಂಕ್ಷನ್ನೇ ಇದೆ. ಅದನ್ನು ಬರೀ ಒಂದುಗಳ ವೆಕ್ಟರ್‌ನಿಂದ ಗುಣಿಸಿ ಬಲಗಡೆ ಇಟ್ಟುಕೊಳ್ಳಿ. ಈಗ ಬ್ಯಾಕ್‌ಸ್ಲ್ಯಾಶ್ ಹಾಕಿ ಬಿಡಿಸಿದರೆ ಮತ್ತೆ ಒಂದುಗಳೇ ಬರಬೇಕು.

5×5ಕ್ಕೆ ಬರುತ್ತವೆ. ಅದರ ಕಂಡಿಷನ್ ನಂಬರ್ (ಸಣ್ಣ ತಪ್ಪು ಎಷ್ಟು ಪಟ್ಟು ದೊಡ್ಡದಾಗಬಹುದು ಅನ್ನುವ ಅಳತೆ) ಸುಮಾರು 4.8 ಲಕ್ಷ, ನಡೆಯುತ್ತದೆ. 12×12ಕ್ಕೆ ಕಂಡಿಷನ್ ನಂಬರ್ 10¹⁶ ದಾಟುತ್ತದೆ. ಡಬಲ್ ಪ್ರಿಸಿಷನ್‌ನಲ್ಲಿ ನಮಗಿರುವುದೇ ಹದಿನಾರು ಅಂಕಿ. ಎಲ್ಲ ಅದರಲ್ಲೇ ತಿಂದು ಹೋಗುತ್ತದೆ. ಉತ್ತರಗಳು ಒಂದೆರಡನೇ ದಶಮಾಂಶಕ್ಕೇ ಹಾದಿ ತಪ್ಪುತ್ತವೆ. ಆಕ್ಟೇವ್‌ನಲ್ಲಿ ಮಾಡಿ, ಪೈಥಾನ್‌ನಲ್ಲಿ ಮಾಡಿ, ಲಕ್ಷಾಂತರ ಕೊಟ್ಟು ತಂದದ್ದರಲ್ಲಿ ಮಾಡಿ, ಇದೇ ಹಾಡು. ಯಾವ ಅಂಕಿ ಎಷ್ಟು ತಪ್ಪಿತು ಅನ್ನೋದು ಮಾತ್ರ ಮಷೀನಿನಿಂದ ಮಷೀನಿಗೆ ಬೇರೆ ಇರಬಹುದು, ಯಾಕಂದ್ರೆ ಕೆಳಗಿರುವ ಬ್ಲಾಸ್ ಲೈಬ್ರರಿ ಕೂಡುವ ಕ್ರಮ ಬೇರೆ. ಒಳ್ಳೇ ವಿಷಯ ಏನೆಂದರೆ, ಮ್ಯಾಟ್ರಿಕ್ಸ್ ಕೆಟ್ಟಿದೆ ಅಂತ ಆಕ್ಟೇವ್ ಎಚ್ಚರಿಕೆ ಕೊಡುತ್ತದೆ. ಆ ಸಾಲನ್ನು ಓದುವ ಅಭ್ಯಾಸ ಮಾಡಿಸಿ.

ಆರನೇ_ಸೆಮ್

ಜೂಲಿಯಾ ಬಗ್ಗೆ ಯಾರೂ ಹೇಳ್ಲಿಲ್ಲ?

ಪೈಪ್ರಿಯ

ಜೂಲಿಯಾ ಭಾಷೆ ಚೆನ್ನಾಗಿದೆ. 2012ರಲ್ಲಿ ಬಂದದ್ದು, 1.0 ಆಗಿದ್ದು 2018ರಲ್ಲಿ. ಕಟ್ಟಿದ ನಾಲ್ವರಲ್ಲಿ ಒಬ್ಬರು ವೈರಲ್ ಶಾ. ಅವರು ಆಧಾರ್ ಯೋಜನೆಯಲ್ಲೂ ಕೆಲಸ ಮಾಡಿದವರು, ನಂದನ್ ನಿಲೇಕಣಿ ಜೊತೆ ಸೇರಿ ಪುಸ್ತಕವನ್ನೂ ಬರೆದಿದ್ದಾರೆ. ಲೂಪ್ ಬರೆದರೂ ಸಿ ಹತ್ತಿರದ ವೇಗದಲ್ಲಿ ಓಡುತ್ತೆ. ಆಕ್ಟೇವ್‌ನಲ್ಲಿ ಲೂಪ್ ಬರೆದರೆ ಕಾಫಿ ಕುಡಿದು ಬರಬಹುದು. ಆದರೆ 4 ಜಿಬಿ ಮಷೀನ್, ನೆಟ್ ಇಲ್ಲದ ಲ್ಯಾಬ್... ಇಲ್ಲಿಗೆ ನಾನೂ ಹೇಳಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ಅಬ್ಬಾ, ಪೈಪ್ರಿಯ ಒಂದು ಕಡೆ ಒಪ್ಪಿಕೊಂಡರು.

ಮ್ಯಾಥ್ಸ್_ಮೇಡಂ

ಸೈಲ್ಯಾಬ್ ಕಡೆ ಹೋಗುವವರಿಗೆ ಒಂದು ಮಾತು. ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಕೆ ಹರಡುವ ಐಐಟಿ ಬಾಂಬೆಯ ಫಾಸೀ ಯೋಜನೆಯಲ್ಲಿ "ಟೆಕ್ಸ್ಟ್‌ಬುಕ್ ಕಂಪ್ಯಾನಿಯನ್" ಅಂತ ಇದೆ. ನಮ್ಮ ಕಾಲೇಜುಗಳಲ್ಲಿ ಓದಿಸುವ ಪುಸ್ತಕಗಳ ಬಿಡಿಸಿದ ಲೆಕ್ಕಗಳಿಗೆ ದೇಶದ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು, ಮೇಷ್ಟರುಗಳು ಸೈಲ್ಯಾಬ್ ಕೋಡ್ ಬರೆದಿದ್ದಾರೆ. ಹಳೆಯ ಲ್ಯಾಬ್‌ಗಳನ್ನು ಓಪನ್ ಸೋರ್ಸ್‌ಗೆ ಬದಲಿಸುವುದಕ್ಕೂ ಅಲ್ಲಿ ಒಂದು ವಿಭಾಗ ಇದೆ, ಸರ್ ನೀವು ಅದನ್ನು ನೋಡಲೇಬೇಕು. ಅದೇ ಬಳಗದ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಪಾಠಗಳಿವೆ, ಭಾರತದ ಭಾಷೆಗಳಲ್ಲಿ ಧ್ವನಿ ಕೊಟ್ಟಿದ್ದಾರೆ, ಕನ್ನಡದಲ್ಲೂ ಇವೆ. ಕನ್ನಡ ಮೀಡಿಯಂನಿಂದ ಬಂದು ಹಿಂದೆ ಬೆಂಚಲ್ಲಿ ಕೂತು ಬಾಯಿ ಬಿಡದ ಮಕ್ಕಳಿಗೆ ಅದನ್ನು ಹಾಕಿಕೊಡಿ. ವ್ಯತ್ಯಾಸ ನಿಮಗೇ ಕಾಣುತ್ತೆ.

ಹಾಸನ_ಟ್ರಿಪಲ್‌ಇ

ಎಲ್ಲರಿಗೂ ಬಹಳ ಉಪಕಾರ. ಎಚ್ಒಡಿ ಜೊತೆ ಮಾತಾಡಿ ಹೀಗೆ ತೀರ್ಮಾನಿಸಿದ್ದೇವೆ. ಸ್ಕ್ರಿಪ್ಟ್ ಪ್ರಯೋಗಗಳೆಲ್ಲ ಆಕ್ಟೇವ್‌ನಲ್ಲಿ, ಯಾಕಂದ್ರೆ ನಮ್ಮ ಎಂ-ಫೈಲ್‌ಗಳು ಪ್ಯಾಕೇಜ್ ಲೋಡ್ ಮಾಡುವ ಸಾಲು ಬಿಟ್ಟರೆ ಹೆಚ್ಚುಕಮ್ಮಿ ಹಾಗೇ ಓಡುತ್ತಿವೆ. ಬ್ಲಾಕ್ ಡಯಾಗ್ರಾಂ ಮಾತ್ರ ಎಕ್ಸ್‌ಕಾಸ್‌ನಲ್ಲಿ. ಮೊದಲ ವರ್ಷದವರು ಪೈಥಾನ್‌ನಲ್ಲೇ ಇರಲಿ. ಪ್ರತಿ ಪ್ರಯೋಗಕ್ಕೂ ರೆಕಾರ್ಡ್ ಬುಕ್‌ನಲ್ಲಿ ಎಡಗಡೆ ಪುಟದಲ್ಲಿ ಕೈಲೆಕ್ಕ, ಬಲಗಡೆ ಪ್ರೋಗ್ರಾಂನ ಉತ್ತರ, ಯೂನಿಟ್ ಸಮೇತ. ಯೂನಿಟ್ ಬರೆಯದಿದ್ದರೆ ಅಂಕ ಕಟ್.

ಪವರ್ ಎಲೆಕ್ಟ್ರಾನಿಕ್ಸ್‌ನವರು "ನಮ್ಮ ಸಿಮ್‌ಸ್ಕೇಪ್‌ಗೆ (ಸರ್ಕ್ಯೂಟ್, ಯಂತ್ರಗಳ ಮಾಡೆಲ್ ಕಟ್ಟುವ ಮ್ಯಾಟ್‌ಲ್ಯಾಬ್ ಭಾಗ) ಏನು ಮಾಡ್ತೀರಿ" ಅಂತ ಕೇಳ್ತಿದ್ದಾರೆ. ಫಾಸೀಯವರ ಸರ್ಕ್ಯೂಟ್ ಸಾಫ್ಟ್‌ವೇರ್ ಇ-ಸಿಮ್ ನೋಡಲು ಹೇಳಿದ್ದೇನೆ, ಅದರೊಳಗೆ ಎನ್‌ಜಿ-ಸ್ಪೈಸ್ ಸಿಮ್ಯುಲೇಟರ್ ಇದೆ. ಇನ್ವರ್ಟರ್ ಜೊತೆ ಮೋಟಾರ್ ಕೂಡ ಬೇಕು ಅಂದರೆ ಓಪನ್‌ಮಾಡೆಲಿಕಾ ನೋಡಬೇಕೇನೋ. ಅದು ಇನ್ನೊಂದು ಚರ್ಚೆ.

ಆರನೇ_ಸೆಮ್

ಸರ್, ನಾನು ಮನೇಲಿ ಆಕ್ಟೇವ್‌ನಲ್ಲಿ ಬರೆದು, ಇಂಟರ್ನ್‌ಶಿಪ್‌ನಲ್ಲಿ ಮ್ಯಾಟ್‌ಲ್ಯಾಬ್‌ನಲ್ಲಿ ಓಡಿಸಬೇಕು. ಹಾಗೇ ಓಡುತ್ತಾ?

ಹಳೇ_ಫೋರ್ಟ್ರಾನ್

ಓಡುತ್ತದೆ, ಆಕ್ಟೇವ್ ಸಲುಗೆ ಕೊಡುತ್ತದೆ ಅಂತ ಜಾಸ್ತಿ ಬಳಸಿಕೊಳ್ಳದಿದ್ದರೆ. ಕಾಮೆಂಟ್‌ಗೆ # ಬೇಡ, % ಹಾಕು. ಸಮವಲ್ಲ ಅನ್ನಲು != ಬೇಡ, ~= ಹಾಕು. ಇಫ್ ಮುಗಿಸಲು ಎಂಡ್‌ಇಫ್ ಬೇಡ, ಬರೀ ಎಂಡ್ ಸಾಕು. ++ ಹಾಕಿ ಒಂದು ಏರಿಸುವುದೂ ಅಲ್ಲಿ ನಡೆಯಲ್ಲ. ಪಿಕೆಜಿ ಲೋಡ್ ಸಾಲು ಮ್ಯಾಟ್‌ಲ್ಯಾಬ್‌ನಲ್ಲಿ ಎರರ್ ಕೊಡುತ್ತದೆ, ಆದ್ದರಿಂದ ಅದನ್ನು ಫೈಲ್‌ನೊಳಗೆ ಬರೆಯಬೇಡ. ಮೇಲೆ ಲ್ಯಾಬ್ ಇನ್‌ಸ್ಟ್ರಕ್ಟರ್ ಹೇಳಿದ ಆಕ್ಟೇವ್-ಆರ್‌ಸಿಯಲ್ಲೇ ಇರಲಿ.